ಒಂದು ಚಿತ್ರ ಸಾಲದು

ಫೋಟೊ ಚೆನ್ನಾಗಿದೆ ಎನ್ನಲು ಒಂದು ನೋಟ ಸಾಕು. ಹೆಸರು ನೋಡುವ ಮೊದಲೇ ಇದು ಇಂಥವರದು ಎಂದು ಗುರುತು ಹಿಡಿಯುವ ಖುಷಿಯೇ ಬೇರೆ. ಅದಕ್ಕೆ ಒಬ್ಬರದೇ ಹತ್ತಿಪ್ಪತ್ತು ಚಿತ್ರಗಳನ್ನು ಸಾಲಾಗಿ ನೋಡಬೇಕು. ಅವರು ಮತ್ತೆ ಮತ್ತೆ ಯಾವುದರ ಬಳಿಗೆ ಹೋಗುತ್ತಾರೆ, ಯಾವುದನ್ನು ಹಟ ಹಿಡಿದು ದೂರವಿಡುತ್ತಾರೆ ಎಂಬುದು ಆಗ ಕಾಣತೊಡಗುತ್ತದೆ. ಶೈಲಿ ಇರುವುದು ಅಲ್ಲಿ. ಲೆನ್ಸ್ ಯಾವುದು ಎಂಬ ಪ್ರಶ್ನೆ ಆಮೇಲೆ ಬರಲಿ.

ಜಪಾನಿನ ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ ಅವರಿಂದ ಶುರುಮಾಡಿ. ಚಿತ್ರಮಂದಿರದಲ್ಲಿ ದೊಡ್ಡ ಕ್ಯಾಮೆರಾ ಹೂಡಿ, ಸಿನಿಮಾ ಶುರುವಾದಾಗ ಶಟರ್ ತೆರೆದು, ಮುಗಿದಾಗ ಮುಚ್ಚುತ್ತಾರೆ. ಇಡೀ ಕಥೆಯ ಬೆಳಕು ಒಂದೇ ಫಿಲ್ಮಿನ ಮೇಲೆ ಬಿದ್ದು ಪರದೆ ಅಚ್ಚಬಿಳಿಯಾಗುತ್ತದೆ. ಅದರ ಹೊಳಪಿನಲ್ಲೇ ಸುತ್ತಲ ಗೋಡೆ, ಖಾಲಿ ಕುರ್ಚಿಗಳು ಮೂಡುತ್ತವೆ. ಬಳಿಕ, 1980ರಲ್ಲಿ ಅವರು ಆರಂಭಿಸಿದ ಕಡಲಿನ ಸರಣಿ ತೆರೆಯಿರಿ. ಹಡಗಿಲ್ಲ, ಹಕ್ಕಿಯಿಲ್ಲ, ದಡವಿಲ್ಲ. ಮೇಲರ್ಧ ಆಕಾಶ, ಕೆಳಗರ್ಧ ನೀರು. ಮೊದಲ ಕಡಲು ಬೇಸರ ತರಿಸೀತು. ನಾಲ್ಕಾರು ಕಡಲು ದಾಟುವಷ್ಟರಲ್ಲಿ ಕಣ್ಣು ಅಲೆಯ ಸುಕ್ಕನ್ನೂ ಮಂಜಿನಲ್ಲಿ ಕರಗುವ ದಿಗಂತವನ್ನೂ ತಾನಾಗಿ ಅರಸುತ್ತದೆ. ಎರಡೂ ಸರಣಿಗಳನ್ನು ಜೊತೆಗಿಟ್ಟರೆ, ಅವರ ಕ್ಯಾಮೆರಾ ಹಿಡಿಯಹೊರಟಿರುವುದು ಕಾಲವನ್ನೇ ಎಂಬುದು ಹೊಳೆಯುತ್ತದೆ.

ದೆಹಲಿಯ ದಯಾನಿತಾ ಸಿಂಗ್ ಅವರಿಗೆ ಚಿತ್ರ ತೆಗೆಯುವುದರಷ್ಟೇ ಜೋಡಿಸುವುದೂ ಕಲೆ. 2013ರ ‘ಫೈಲ್ ರೂಮ್’ ಪುಸ್ತಕದ ತುಂಬ ಬಟ್ಟೆಯಲ್ಲಿ ಗಂಟುಕಟ್ಟಿದ ಕಡತಗಳು. ‘ಮ್ಯೂಸಿಯಂ ಭವನ್’ ಎಂಬ ಅವರ ಕಲಾಕೃತಿಯ ಮರದ ಚೌಕಟ್ಟುಗಳಲ್ಲಂತೂ ಚಿತ್ರಗಳನ್ನು ಬೇಕೆಂದಾಗ ಅದಲುಬದಲು ಮಾಡಬಹುದು. ಪಕ್ಕದ ಚಿತ್ರ ಬದಲಾದರೆ ಈ ಚಿತ್ರದ ಅರ್ಥವೂ ಬದಲು. ಇಂಥ ಕಲಾವಿದೆಯನ್ನು ಒಂಟಿ ಚಿತ್ರದಿಂದ ಅಳೆಯುವುದು ಅನ್ಯಾಯ. 2022ರಲ್ಲಿ ಅವರಿಗೆ ಛಾಯಾಗ್ರಹಣದ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಸಂದಿತು.

ಶಟರ್ ಒತ್ತಿದವರದೇ ಶೈಲಿ ಎಂಬ ನಂಬಿಕೆಯನ್ನು ಅಲುಗಾಡಿಸುವವರು ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ. ಶಿಲ್ಪಕಲೆಯಿಂದ ಬಂದ ಇವರು ನಿಲ್ಲುವುದು ಕ್ಯಾಮೆರಾದ ಮುಂದೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ, ವಸಾಹತುಶಾಹಿ ಕಾಲದ ಜನಾಂಗ ಅಧ್ಯಯನದ ಚಿತ್ರವೊಂದರ ತೋಡ ಬುಡಕಟ್ಟಿನ ಹೆಂಗಸಾಗುತ್ತಾರೆ. ಹೋಲಿಕೆ ಎಷ್ಟು ಚೆಂದ ಎಂದು ಬೆರಗಾಗಿ ಸುಮ್ಮನಾಗಬೇಡಿ. ವೇಷದ ಹಿಂದಿನಿಂದ ನಿಜವಾದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಾಳಲ್ಲ, ಅಲ್ಲಿ ನಿಲ್ಲಿ. ಹೆಣ್ಣನ್ನು ಹೀಗೆ ನೋಡಲು ನಮಗೆ ಕಲಿಸಿದವರು ಯಾರು ಎಂಬ ಪ್ರಶ್ನೆ ಏಳುವುದು ಅಲ್ಲಿಯೇ.

ಮೊಬೈಲಿನಲ್ಲಿ ಸರಿಸುತ್ತ ಹೋದರೆ ಇದೊಂದೂ ದಕ್ಕದು. ಅಲ್ಲಿ ಎಲ್ಲ ಚಿತ್ರಕ್ಕೂ ಅಂಗೈಯಷ್ಟೇ ಅಳತೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಿಂದ ಕಲೆ ಮತ್ತು ಛಾಯಾಚಿತ್ರಗಳಿಗೆಂದೇ ‘ಮ್ಯಾಪ್’ ವಸ್ತುಸಂಗ್ರಹಾಲಯವಿದೆ. ಹೋಗಿ, ಮುದ್ರಿತ ಚಿತ್ರದ ಎದುರು ನಿಂತು ನೋಡಿ. ಆಮೇಲೆ ಮನಸ್ಸಿಗೆ ಹಿಡಿಸಿದ ಒಬ್ಬರನ್ನು ಆರಿಸಿಕೊಂಡು, ಅವರ ಒಂದು ಪುಸ್ತಕವನ್ನು ಪುಟ ಹಾರಿಸದೆ ಕೊನೆಯವರೆಗೂ ನೋಡಿ.