ನೋಡದೆ ಕೊಂಡವರ ಜಾಣತನ

ಹಳೇ ಕಾರು ಕೊಳ್ಳುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಕಣ್ಣಾರೆ ನೋಡಿ, ಓಡಿಸಿ, ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ ತಗೊಳ್ಳಿ. ಈ ಲೆಕ್ಕದಲ್ಲಿ ನೈರೋಬಿಯ ಸಂಬಳದಾರನೊಬ್ಬ ಏಳು ವರ್ಷ ಓಡಿದ ಟೊಯೊಟಾವನ್ನು ಬರೀ ಫೋಟೊ ನೋಡಿ, ಹಣ ಮೊದಲೇ ಕಳಿಸಿ, ಯೊಕೊಹಾಮಾದಿಂದ ಮೊಂಬಾಸಾಗೆ ತರಿಸಿಕೊಳ್ಳುವುದು ಶುದ್ಧ ಹುಚ್ಚು. ನನಗೆ ಹಾಗನ್ನಿಸುವುದಿಲ್ಲ. ಕಾರಿನಲ್ಲಿ ಕೂತು, ಬಾಗಿಲು ಬಡಿದು, ಟೈರು ಒದ್ದು ನೋಡಿ ಕೊಳ್ಳುವ ನಮ್ಮವರಿಗಿಂತ ಅವನಿಗೆ ಆ ಕಾರಿನ ಬಗ್ಗೆ ಹೆಚ್ಚು ಗೊತ್ತಿರಬಹುದು.

ಕಾರಣ, ಹರಾಜಿನ ಹಾಳೆ. ಜಪಾನಿನ ಹಳೇ ಕಾರುಗಳ ಬಹುಪಾಲು ಹರಾಜುಕಟ್ಟೆ ಹಾದೇ ಹೊರಬೀಳುತ್ತವೆ. ಅಲ್ಲಿ ಕಾರನ್ನು ತಪಾಸಣೆ ಮಾಡುವವನು ಮಾರುವವನ ಆಳಲ್ಲ, ಹರಾಜು ಸಂಸ್ಥೆಯವನು. ಕಾರಿನ ನಕ್ಷೆಯ ಮೇಲೆ ಅವನು ಗುರುತು ಹಾಕುತ್ತಾ ಹೋಗುತ್ತಾನೆ: ಗೀರಿಗೆ 'ಎ', ತಗ್ಗಿಗೆ 'ಯು', ರಿಪೇರಿಯಾದ ತಗಡಿಗೆ 'ಡಬ್ಲ್ಯು', ಪಕ್ಕದ ಅಂಕಿ ಎಷ್ಟು ದೊಡ್ಡದೋ ಗಾಯ ಅಷ್ಟು ದೊಡ್ಡದು. ಒಟ್ಟು ಸ್ಥಿತಿಗೆ 4.5, 4, 3.5 ಎಂದು ದರ್ಜೆ. ಅಪಘಾತವಾಗಿ ದುರಸ್ತಿಯಾಗಿದ್ದರೆ 'ಆರ್'. ಹಾಳೆ ಸುಳ್ಳಾದರೆ ಕೊಂಡ ವ್ಯಾಪಾರಿ ತಕರಾರು ಹೂಡಬಹುದು; ಹಾಗಾಗಿ ಬರೆಯುವವನ ಕೈ ಬಿಗಿಯಾಗಿರುತ್ತದೆ. ಜೊತೆಗೆ 'ಶಾಕೆನ್' ಎಂಬ ಸರ್ಕಾರಿ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲನೆಯದು, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ದಾಖಲಾದ ಕಿಲೋಮೀಟರು ರಫ್ತಿಗಾಗಿ ಕೊಡುವ ನೋಂದಣಿ ರದ್ದತಿ ಪತ್ರದಲ್ಲೂ ಕಾಣಿಸುತ್ತದೆ. ಮೀಟರು ತಿರುಗಿಸಿದವನು ಈ ಕಾಗದವನ್ನೂ ತಿದ್ದಬೇಕಾಗುತ್ತದೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಗಾದೆಯೇ ಹೇಳುತ್ತದಲ್ಲ!

ಮೋಸ ಇಲ್ಲವೆಂದಲ್ಲ. ಹಾಳೆ ಜಪಾನಿ ಭಾಷೆಯಲ್ಲಿರುತ್ತದೆ. ಏಜೆಂಟ್ 'ಆರ್' ಕಾರನ್ನು 'ಚೆನ್ನಾಗಿದೆ' ಎಂದು ದಾಟಿಸಬಹುದು. ಆದರೆ ದೂರದ ಭಯಕ್ಕೆ ಸ್ವತಃ ಆಮದು ಮಾಡಿಕೊಳ್ಳದೆ ನೈರೋಬಿಯ ಎನ್ಗೊಂಗ್ ರಸ್ತೆಯ ಯಾರ್ಡುಗಳಿಗೆ ಹೋಗುವವರನ್ನು ನೋಡಿ. ಅಲ್ಲಿ ಕಾರು ಕಣ್ಣೆದುರೇ ಇದೆ, ಪಾಲಿಶ್ ಮಿಂಚುತ್ತಿದೆ. ಹಾಳೆ ಮಾತ್ರ ಕೇಳಿದರೂ ಸಿಗುವುದು ಕಷ್ಟ. ಕಂಡ ತೃಪ್ತಿಗಾಗಿ ಹೆಚ್ಚು ದುಡ್ಡು ತೆತ್ತು, ದಾಖಲೆ ಕಳೆದುಕೊಂಡು ಬರುತ್ತಾರೆ. (ನೋಡಿ ಕೊಂಡರೂ, ನೋಡದೆ ಕೊಂಡರೂ ತಪ್ಪದ ತಾಪತ್ರಯ ರೇಡಿಯೊದ್ದು. ಜಪಾನಿನ ಎಫ್‌ಎಂ 76ರಿಂದ ಶುರುವಾಗಿ ನಮ್ಮ ಬ್ಯಾಂಡಿನ ಮೇಲ್ಭಾಗ ತಲುಪುವ ಮೊದಲೇ ನಿಲ್ಲುತ್ತದೆ. ನೈರೋಬಿಯ ಅರ್ಧ ಸ್ಟೇಷನ್‌ಗಳಿಗೆ ಬೇರೆ ಪೆಟ್ಟಿಗೆ ಜೋಡಿಸಬೇಕು.)

ಇನ್ನು 'ಶ್ರೀಮಂತರ ಗುಜರಿ ಬಡವರ ಅಂಗಳಕ್ಕೆ' ಎಂಬ ಆರೋಪ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2020ರ ವರದಿ ಪ್ರಕಾರ 2015ರಿಂದ 2018ರವರೆಗೆ ಯುರೋಪ್, ಜಪಾನ್, ಅಮೆರಿಕಗಳಿಂದ 1.4 ಕೋಟಿ ಹಳೇ ಲಘು ವಾಹನಗಳು ಹೊರಹೋದವು. ಅವುಗಳಲ್ಲಿ ಸುಮಾರು ಶೇಕಡಾ 40 ಆಫ್ರಿಕಾಕ್ಕೆ. ನೆದರ್ಲೆಂಡ್ಸ್ ಬಂದರುಗಳಿಂದ ಹೊರಟ ಅನೇಕ ಕಾರುಗಳಿಗೆ ಊರ್ಜಿತ ಯೋಗ್ಯತಾ ಪತ್ರವೂ ಇರಲಿಲ್ಲ. ಇದು ನಾಚಿಕೆಗೇಡು, ಒಪ್ಪಿದೆ. ಆದರೆ ಯೊಕೊಹಾಮಾದ ಕಾರಿಗೂ ಆ ಕಾರಿಗೂ ಇರುವ ವ್ಯತ್ಯಾಸ ವಯಸ್ಸಿನದಷ್ಟೇ ಅಲ್ಲ. ಒಂದರ ಜೊತೆ ಅದರ ಚರಿತ್ರೆ ಬರುತ್ತದೆ, ಇನ್ನೊಂದರ ಜೊತೆ ಬರುವುದಿಲ್ಲ. ಎರಡನ್ನೂ 'ಗುಜರಿ' ಎಂದು ಒಂದೇ ಗೋಣಿಗೆ ತುಂಬುವವರು ಕಾರನ್ನಲ್ಲ, ಕೊಳ್ಳುವವನ ಬಡತನವನ್ನು ನೋಡಿ ತೀರ್ಪು ಕೊಡುತ್ತಿದ್ದಾರೆ.

ಸರ್ಕಾರಗಳು ಕಂಡುಕೊಂಡ ಮದ್ದು ವಯೋಮಿತಿ. ಕೀನ್ಯಾದಲ್ಲಿ ಎಂಟು ವರ್ಷ, ಉಗಾಂಡದಲ್ಲಿ 2018ರಿಂದ ಹದಿನೈದು. ನಮ್ಮಲ್ಲಿ ಮೂರೇ ವರ್ಷ, ಅದೂ ಬಲಬದಿ ಸ್ಟೀರಿಂಗ್, ಮುಂಬೈ ಬಂದರು ಒಂದೇ ದಾರಿ, ಮೇಲೆ ಎದೆ ನಡುಗಿಸುವ ಸುಂಕ. ದುಬೈಯಲ್ಲಿರುವ ಮಂಗಳೂರಿನವರು ಅಲ್ಲಿನ ಎಡಬದಿ ಸ್ಟೀರಿಂಗಿನ ಕಾರನ್ನು ಊರಿಗೆ ತರುವ ಆಸೆ ಬಿಡಬೇಕಾದ್ದು ಹೀಗೆ. ಕೀನ್ಯಾದಲ್ಲಿ ಹಡಗು ಹತ್ತುವ ಮೊದಲು ತಪಾಸಣೆ ಕಡ್ಡಾಯವಿದೆ, ನಿಜ. ಆದರೆ ಏಳು ವರ್ಷದಲ್ಲಿ ಎರಡು ಲಕ್ಷ ಕಿಲೋಮೀಟರು ದುಡಿದ ಟೊಯೊಟಾ ಪ್ರೊಬಾಕ್ಸ್ ಕಾರು ಅಲ್ಲಿ ಪಾಸಾಗಬಹುದು. ಒಂಬತ್ತು ವರ್ಷ ಮುದುಕರ ಮನೆಯಲ್ಲಿ ನಿಂತು ಮೂವತ್ತು ಸಾವಿರ ಓಡಿದ ಕಾರಿಗೆ ಬಾಗಿಲೇ ತೆರೆಯದು. ತೆರಿಗೆಯೂ ಹಾಗೆಯೇ: ನೀವು ಕೊಟ್ಟ ಬೆಲೆಯ ಮೇಲಲ್ಲ, ಹೊಸ ಕಾರಿನ ಬೆಲೆಯಲ್ಲಿ ವಯಸ್ಸಿಗೆ ತಕ್ಕಷ್ಟು ಕಳೆದು ಹಾಕುತ್ತಾರೆ. ಹರಾಜಿನ ಹಾಳೆಯನ್ನೂ ರದ್ದತಿ ಪತ್ರವನ್ನೂ ನೋಂದಣಿಗೆ ಕಡ್ಡಾಯ ಮಾಡಿ, ಯಾರ್ಡಿನ ಪ್ರತಿ ಕಾರಿನ ಗಾಜಿಗೂ ಅಂಟಿಸುವಂತೆ ಕಾನೂನು ತರುವುದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಡ. ಆದರೂ ವರ್ಷದ ಲೆಕ್ಕವೇ ಉಳಿದುಕೊಂಡಿದೆ. ಅದನ್ನು ಗುಮಾಸ್ತ ಬಾನೆಟ್ ಎತ್ತದೆ ಓದಬಲ್ಲ.