ಸ್ವನಿಧಿ ವಾಕ್ಯಕ್ಕೆ ವ್ಯಾಖ್ಯಾನ

2020ರ ಜೂನ್ 1ರಂದು ಮೊದಲಾದ ಪಿಎಂ ಸ್ವನಿಧಿ ಯೋಜನೆಯ ಅಂದಿನ ತಿರುಳನ್ನು ಒಂದು ವಾಕ್ಯಕ್ಕೆ ಇಳಿಸಿದರೆ ಹೀಗಾಗುತ್ತದೆ: ಆ ವರ್ಷದ ಮಾರ್ಚ್ 24ರಂದಾಗಲಿ ಅದಕ್ಕೆ ಮುನ್ನವಾಗಲಿ ನಗರದ ಎಲ್ಲೆಯೊಳಗೆ ಬೀದಿಬದಿ ವ್ಯಾಪಾರ ಮಾಡುತ್ತಿದ್ದವರಿಗೆ, ಸುತ್ತಣ ಹಳ್ಳಿಗಳಿಂದ ಬಂದು ಮಾರುವವರಿಗೂ, ಒತ್ತೆಯಿಲ್ಲದೆ 10,000 ರೂಪಾಯಿವರೆಗೆ ದುಡಿಮೆ ಬಂಡವಾಳದ ಸಾಲ. ಇದನ್ನು ಬಂಗಾರಪೇಟೆ ಬಳಿಯ ಕಾಮಸಮುದ್ರವೆಂಬ ಊರಿನಲ್ಲಿ ನಿಂತು ಪದಪದವಾಗಿ ಬಿಡಿಸಿ ನೋಡಬೇಕು.

‘ಸ್ವನಿಧಿ’. ಸ್ವ ಎಂದರೆ ತನ್ನದು, ನಿಧಿ ಎಂದರೆ ಕೂಡಿಟ್ಟ ಧನ. ಹೆಸರಿನ ಅರ್ಥ ತನ್ನದೇ ಹಣವೆಂದಾದರೂ ವಸ್ತುತಃ ಇದು ತೀರಿಸಬೇಕಾದ ಋಣ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಘೋಷಿಸಿದ 2,000 ರೂಪಾಯಿಯಾದರೋ ಪರಿಹಾರ, ಅಂದರೆ ಹಿಂದಿರುಗಿಸಬೇಕಿಲ್ಲದ್ದು. ಅದು ಒಲೆ ಆರದಿರಲೆಂದು. ಈ ಸಾಲ ತಕ್ಕಡಿ ಮತ್ತೆ ಏಳಲೆಂದು. ಎರಡನ್ನೂ ಒಂದೇ ನೆರವೆಂದು ಎಣಿಸಲಾಗದು.

‘ಮಾರ್ಚ್ 24ರಂದಾಗಲಿ ಮುನ್ನವಾಗಲಿ’. ಲಾಕ್‌ಡೌನ್ ಸಾರಿದ ದಿನವಿದು. ಕೋವಿಡ್ ಅನ್ನು ವಿಪತ್ತೆಂದು ಪರಿಗಣಿಸಲು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 14ರಂದೇ ತಿಳಿಸಿತ್ತು. ಬಂಗಾರಪೇಟೆ–ಕುಪ್ಪಂ ಹಳಿಯ ಮೇಲಿರುವ ಕಾಮಸಮುದ್ರಕ್ಕೆ ಆ ವಿಪತ್ತು ಬಂದದ್ದು ರೈಲು ಬಾರದಿದ್ದುದರಿಂದ. ಪ್ರಯಾಣಿಕರ ಗಾಡಿಗಳು ಮಾರ್ಚ್ 22ರ ನಡುರಾತ್ರಿಯಿಂದ ನಿಂತವು. ನೆರೆಯೋ ಬೆಂಕಿಯೋ ಆದರೆ ಪಂಚನಾಮೆಗೆ ಗುರುತು ಉಳಿಯುತ್ತದೆ. ಇಲ್ಲಿ ಗುರುತೇ ಇಲ್ಲ. ಮೊಳ ಹಾಕುವವರಿಲ್ಲದೆ ಬುಟ್ಟಿಯಲ್ಲೇ ಬಾಡಿದ ಹೂವನ್ನು ಯಾರೂ ಎಣಿಸಿ ಬರೆದುಕೊಳ್ಳುವುದಿಲ್ಲ. ಮಾರನೆಯ ದಿನದ ಸರಕಿಗೆಂದು ಸೆರಗಿನಲ್ಲಿ ಗಂಟು ಹಾಕಿಟ್ಟ ದುಡ್ಡು ಅಕ್ಕಿಗೆ, ಔಷಧಿಗೆ ಕರಗಿತು. ‘ದುಡಿಮೆ ಬಂಡವಾಳ’ ಎಂಬ ಪದ ಹೇಳುವುದು ಆ ಗಂಟನ್ನೇ.

‘ಬೀದಿಬದಿ ವ್ಯಾಪಾರ’. ತರಕಾರಿ, ಹಣ್ಣು, ತಿಂಡಿ ಮಾರುವವರಷ್ಟೇ ಅಲ್ಲ, ಕ್ಷೌರಿಕ, ಚಮ್ಮಾರ, ಅಗಸರೂ ಇದರೊಳಗೆ ಬರುತ್ತಾರೆ. ತಿಳಿನೀರಿನ ಪಾನಿಪುರಿಗೆ ಹೆಸರಾದ ಬಂಗಾರಪೇಟೆಯ ತಳ್ಳುಗಾಡಿಯೂ ಇದರಲ್ಲಿ ಸೇರಿತು.

‘ಸುತ್ತಣ ಹಳ್ಳಿಗಳಿಂದ ಬಂದು’. ವಾಕ್ಯದ ಜೀವ ಇಲ್ಲಿದೆ. ಕಾಮಸಮುದ್ರ ಗ್ರಾಮ ಪಂಚಾಯಿತಿಯ ಊರು, ಯೋಜನೆ ನಗರದ್ದು. ಇಲ್ಲಿಂದ ಹೂವಿನ ಬುಟ್ಟಿ ಹೊತ್ತು ಬಂಗಾರಪೇಟೆ ಪುರಸಭೆಯ ಎಲ್ಲೆಯಲ್ಲೋ ಕೆಜಿಎಫ್ ನಗರಸಭೆಯ ರಾಬರ್ಟ್‌ಸನ್‌ಪೇಟೆಯಲ್ಲೋ ಕುಳಿತು ಮಾರುವವಳು ಅರ್ಹಳು. ಅದೇ ಹೂವನ್ನು ತನ್ನೂರ ದಾರಿಬದಿಯಲ್ಲಿ ಮಾರುವವಳು ಅರ್ಹಳಲ್ಲ. ಅಂದರೆ ‘ಬಂದು’ ಎಂಬ ಎರಡಕ್ಷರ ಬಾಳುವ ಊರನ್ನು ಕೇಳದೆ ಮಾರುವ ಜಾಗವನ್ನಷ್ಟೇ ಕೇಳುತ್ತದೆ. ವಿಪತ್ತು ಇಬ್ಬರನ್ನೂ ಒಂದೇ ಸಮನೆ ಹೊಡೆದಿರುವಾಗ ಈ ಭೇದ ನ್ಯಾಯವೆನಿಸದು. ಒಳಬಂದವಳಿಗೂ ‘ಶಿಫಾರಸು ಪತ್ರ’ ಬೇಕು, ಎಂದರೆ ಈಕೆ ನಮ್ಮ ಬೀದಿಯಲ್ಲಿ ಮಾರುವುದು ನಿಜವೆಂದು ಪುರಸಭೆಯೋ ನಗರಸಭೆಯೋ ಕೊಡುವ ಮಾತು. ಅದಕ್ಕೆ ಲಾಕ್‌ಡೌನ್ ಕಾಲದಲ್ಲಿ ರಾಜ್ಯ ಕೊಟ್ಟ ನೆರವಿನ ಪಾಸ್‌ಬುಕ್ ನಮೂದು, ಹಿಂದಿನ ಸಾಲದ ಕಾಗದ, ವ್ಯಾಪಾರಿ ಸಂಘದ ಸದಸ್ಯತ್ವ ಇಂಥವು ಸಾಕ್ಷಿ. ಕೈಸಾಲದ ಮೇಲೆಯೇ ಬದುಕಿದವಳ ಬಳಿ ಇವುಗಳಲ್ಲಿ ಒಂದಾದರೂ ಇರುವುದು ಅಪರೂಪ.

‘ಒತ್ತೆಯಿಲ್ಲದೆ’. ಒತ್ತೆಯೆಂದರೆ ಅಡವು, ಗಿರವಿಯ ವಸ್ತು. ಕೆಜಿಎಫ್‌ನ ಚಿನ್ನದ ಗಣಿಯ ನೆರೆಯಲ್ಲಿದ್ದೂ ಒತ್ತೆಯಿಡಲು ಗುಂಜಿ ಚಿನ್ನವಿಲ್ಲದವರಿಗೆ ಈ ಪದ ದೊಡ್ಡದು. ಸಾಲಕ್ಕೆ ಹೊಣೆ ನಿಲ್ಲುವುದು ಸರ್ಕಾರದ ಖಾತರಿ ನಿಧಿ.

‘10,000 ರೂಪಾಯಿವರೆಗೆ’. ಒಂದು ವರ್ಷದಲ್ಲಿ ತಿಂಗಳ ಕಂತುಗಳಲ್ಲಿ ತೀರಿಸುವ ಸಾಲ. ಸಕಾಲಕ್ಕೆ ಕಟ್ಟಿದವರಿಗೆ ಶೇ 7 ಬಡ್ಡಿ ಸಹಾಯಧನ. ತಿಂಗಳು ತಿಂಗಳು ಇಳಿಯುವ ಅಸಲಿನ ಮೇಲೆ ವರ್ಷಕ್ಕೆ ಅದು ಸುಮಾರು 400 ರೂಪಾಯಿ. ಮೊಬೈಲಿನಲ್ಲಿ ಹಣ ಪಡೆದರೆ ತಿಂಗಳಿಗೆ 100ರವರೆಗೆ ಮರಳುತ್ತಿತ್ತು. ತೀರಿಸಿದವರಿಗೆ ಆಗ 20,000, ಆಮೇಲೆ 50,000 ಸಾಲ.

2025ರ ಆಗಸ್ಟ್‌ನಲ್ಲಿ ಮೊದಲ ಸಾಲ 15,000ಕ್ಕೆ, ಎರಡನೆಯದು 25,000ಕ್ಕೆ ಏರಿತು. ಅವಧಿ 2030ರ ಮಾರ್ಚ್ 31ಕ್ಕೆ ಚಾಚಿತು. ಜನಗಣತಿ ಪಟ್ಟಣಗಳಿಗೂ ನಗರದಂಚಿನ ಪ್ರದೇಶಗಳಿಗೂ ‘ಹಂತ ಹಂತವಾಗಿ’ ವಿಸ್ತರಣೆ ಎಂಬ ಮಾತೂ ಸೇರಿತು. ಹಂತವೆಂದರೆ ಮೆಟ್ಟಿಲು. ಪಟ್ಟಣವೂ ಅಲ್ಲದ, ಪಟ್ಟಣದಂಚೂ ಅಲ್ಲದ ಹೋಬಳಿಯ ಊರನ್ನು ಆ ಮೆಟ್ಟಿಲುಗಳಲ್ಲಿ ಹೆಸರಿಸಿಲ್ಲ. ಆದ್ದರಿಂದ ಕಾಮಸಮುದ್ರದ ಹೂವಿನವಳು ಬಂಗಾರಪೇಟೆಯ ಗಾಡಿ ಹತ್ತಲೇಬೇಕು.