ಸ್ಥಾಲೀಪುಲಾಕನ್ಯಾಯವೂ ನಮ್ಮ ಸೀಮೆಯ ನುಡಿಯೂ

ಅನ್ನವು ಬೆಂದಿತೋ ಇಲ್ಲವೋ ಎಂದು ತಿಳಿಯಲು ಗಡಿಗೆಯೊಳಗಿನ ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಇದಕ್ಕೆ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟಿದ್ದಾರೆ. ನಮ್ಮ ಆಡುಮಾತನ್ನು ಕುರಿತ ಲೇಖನಗಳಲ್ಲಿ ಈ ನ್ಯಾಯವನ್ನು ಹೆಸರಿಸದೆಯೆ ಬಳಸುವವರು ಬಹಳ. ನಾಲ್ಕು ಜನರ ಮಾತನ್ನು ಕೇಳಿ, ಅಥವಾ ಹಳೆಯ ಸರ್ವೇಯ ಒಂದೆರಡು ಪುಟಗಳನ್ನು ತಿರುವಿ, ಧಾರವಾಡ ಸೀಮೆಯವರೆಲ್ಲರೂ ಹೀಗೆಯೆ ನುಡಿಯುತ್ತಾರೆಂದು ಸಿದ್ಧಾಂತಮಾಡಿ, ರೋಣ, ನರಗುಂದ, ಗಜೇಂದ್ರಗಡಗಳನ್ನೂ ಅದರೊಳಗೆ ಸೇರಿಸಿಬಿಡುತ್ತಾರೆ. ಆದರೆ ಆ ನ್ಯಾಯಕ್ಕೊಂದು ಕಟ್ಟಳೆಯುಂಟು: ಅಗುಳೆಲ್ಲವೂ ಒಂದೇ ಅಕ್ಕಿಯದಾಗಿ, ಒಂದೇ ಗಡಿಗೆಯಲ್ಲಿ, ಒಂದೇ ಉರಿಯಿಂದ ಬೇಯುತ್ತಿರಬೇಕು. ಮೂರು ಒಲೆಗಳ ಮೇಲೆ ಮೂರು ಗಡಿಗೆಗಳಿರಲು, ಒಂದನ್ನು ನೋಡಿ ಮೂರನ್ನೂ ಇಳಿಸಿದ ಮನೆಯ ಊಟವನ್ನು ವರ್ಣಿಸಬೇಕಾಗಿಲ್ಲ.

ಇಂಥ ಲೇಖಕರು ಮೊದಲು ಕೈಹಾಕುವುದು ಗ್ರಿಯರ್ಸನ್ ಸಾಹೇಬರ ಭಾರತೀಯ ಭಾಷಾ ಸರ್ವೇಗೆ. ಅದರ 4ನೆಯ ಸಂಪುಟವು 1906ರಲ್ಲಿ ಪ್ರಕಟವಾಯಿತು. ಅದರಲ್ಲಿನ ದ್ರಾವಿಡ ಭಾಷೆಗಳ ಭಾಗವನ್ನು ಸಿದ್ಧಪಡಿಸಿದವರು ಸ್ಟೆನ್ ಕೊನೊ ಎಂಬ ಪಂಡಿತರು. ಆ ಮಹತ್ಕಾರ್ಯದ ವಿಷಯದಲ್ಲಿ ನಮಗೆ ಗೌರವವೇ ಇದೆ. ಆದರೆ ಮದ್ರಾಸು ಪ್ರಾಂತವೂ ಮೈಸೂರು, ಹೈದರಾಬಾದು ಸಂಸ್ಥಾನಗಳೂ ಆ ಸರ್ವೇಯ ಕಾರ್ಯಕ್ಷೇತ್ರದಲ್ಲಿ ಸೇರಿರಲಿಲ್ಲ. ಇದರ ಅರ್ಥವು ಗಜೇಂದ್ರಗಡದವರಿಗೆ ಬೇಗ ಹೊಳೆಯುವುದು. ಅಂದು ರೋಣ ತಾಲೂಕು ಮುಂಬಯಿ ಪ್ರಾಂತದ್ದು. ನೆರೆಯ ಯಲಬುರ್ಗಾ, ಕುಷ್ಟಗಿಗಳು ನಿಜಾಮರವು. ಹೆಣ್ಣು ಕೊಟ್ಟು ತಂದು, ಒಂದೇ ಜಾತ್ರೆಗೆ ನೆರೆಯುವ ಜನರ ನಡುವೆ ಸರ್ವೇಯ ಗೆರೆಯು ಹಾಯ್ದುಹೋಯಿತು. ಗೆರೆಯು ಸರಕಾರದ್ದು, ಮಾತಿನದಲ್ಲ.

ಇನ್ನು ಸಂಗ್ರಹದ ಕ್ರಮ. ಎಲ್ಲ ಭಾಷೆಗಳಿಗೂ ಮುಖ್ಯ ಮಾದರಿಯೆಂದು ಬೈಬಲಿನ ದುಂದುಗಾರ ಮಗನ ಕಥೆಯನ್ನು ಅನುವಾದಮಾಡಿಸಿದರು. ಅದರ ಜೊತೆಗೆ ಸ್ಥಳೀಯ ವೃತ್ತಾಂತವೊಂದನ್ನೂ ಶಬ್ದಗಳ ಪಟ್ಟಿಯನ್ನೂ ಬೇಡಿದ್ದರೆಂಬುದು ನಿಜ. ಭಾಷೆಗಳನ್ನು ಒಂದರೊಡನೊಂದು ಹೋಲಿಸಿ ವರ್ಗೀಕರಿಸುವುದಕ್ಕೆ ಇದು ತಕ್ಕ ಉಪಾಯವೇ ಸರಿ. ಆದರೆ ಅನುವಾದಿಸುವವನು ಓದುಬರಹ ಬಲ್ಲವನಾಗಿರುವನು. ಬರೆಯುವಾಗ ಮಾತನ್ನು ತಿದ್ದುವನು. ಆ ಕಥೆಯಲ್ಲಿ ತಂದೆಯುಂಟು, ಹಂದಿಗಳುಂಟು, ಬರಗಾಲವುಂಟು, ಕೂರಿಗೆಯಿಲ್ಲ, ರಂಟೆಯಿಲ್ಲ. ಪಟ್ಟೇದ ಅಂಚಿನ ಸೀರೆಯನ್ನು ನೇಯ್ದ ಗಜೇಂದ್ರಗಡದ ಲಾಳಿಯಾಗಲಿ, ಹಾಸುಹೊಕ್ಕಾಗಲಿ ಅಲ್ಲಿ ಬರುವಂತೆಯೆ ಇಲ್ಲ. ಕೇಳದ ಮಾತನ್ನು ಇಲ್ಲವೆನ್ನುವುದು ಯಾವ ಪ್ರಮಾಣದಿಂದ?

1960ರಲ್ಲಿ ಮೆಕ್‌ಕಾರ್ಮಾಕ್ ಎಂಬ ವಿದ್ವಾಂಸರು ಧಾರವಾಡ ಕನ್ನಡದ ಸಾಮಾಜಿಕ ಪ್ರಭೇದಗಳನ್ನು ಕುರಿತು ಬರೆದರು. ಜಾತಿಯಿಂದ ಮಾತು ಬೇರಾಗುವುದನ್ನು ತೋರಿಸಿದ್ದು ಉಪಕಾರವೇ. ಅದನ್ನೆತ್ತಿಕೊಂಡು ಎರೆನೆಲದ ನರಗುಂದಕ್ಕೂ ಗುಡ್ಡದ ಗಜೇಂದ್ರಗಡಕ್ಕೂ ಅದೇ ಹಂಚಿಕೆಯನ್ನು ಹೊಂದಿಸುವವರ ಹೊಣೆಯು ಮೂಲ ಲೇಖಕರದಲ್ಲ.

ನೈಯಾಯಿಕರು ಇಂಥ ದೋಷವನ್ನು ಚೆನ್ನಾಗಿ ಬಲ್ಲರು. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದರೆ ಕಾದ ಕಬ್ಬಿಣದ ಗುಂಡು ಎದುರು ನಿಲ್ಲುತ್ತದೆ. ಹೊಗೆಗೆ ಹಸಿ ಸೌದೆಯು ಬೇಕು. ಅದೇ ಉಪಾಧಿ. ಹಾಗೆಯೆ ‘ಧಾರವಾಡದವನು, ಆದುದರಿಂದ ಹೀಗೆ ನುಡಿಯುವನು’ ಎಂಬಲ್ಲಿ ಊರು, ಕಸಬು, ಓದು, ವಯಸ್ಸು, ಹೆಣ್ಣು ಗಂಡೆಂಬ ಭೇದ, ಇವೆಲ್ಲ ಉಪಾಧಿಗಳಾಗಿ ಕುಳಿತಿರುತ್ತವೆ. ಹೀಗೆಂದ ಮಾತ್ರಕ್ಕೆ ಸರ್ವೇಯು ವ್ಯರ್ಥವೆಂದು ಯಾರೂ ಹಿಗ್ಗಬಾರದು. ನಮ್ಮೂರಿನೊಬ್ಬನು ಹಾಗೆ ನುಡಿಯುವುದಿಲ್ಲವೆಂದು ತೋರಿಸಿದರೆ ‘ಎಲ್ಲರೂ’ ಎಂಬುದು ಬೀಳುತ್ತದೆ; ‘ಬಹುಮಂದಿ’ ಎಂಬುದು ಬೀಳದು. ಇಷ್ಟು ವಿವೇಕವು ಆಕ್ಷೇಪಿಸುವವರಲ್ಲಿಯೂ ವಿರಳ.

ಪ್ರತಿಯೊಬ್ಬನನ್ನೂ ಕೇಳಲಾದೀತೆ ಎಂದು ಕೆಲವರು ಕೇಳುವರು. ಬೇಕಾಗಿಲ್ಲ, ಪ್ರತಿಯೊಂದು ಗಡಿಗೆಯಿಂದ ಕೆಲವು ಅಗುಳುಗಳನ್ನು ತೆಗೆದರಾಯಿತು.

ಇದು ಬರಿಯ ತರ್ಕವಿನೋದವೆಂದು ವಾಚಕರು ತಿಳಿಯಬಾರದು. ಈ ಲೇಖನಗಳನ್ನು ನಂಬಿದ ಕಥೆಗಾರರು ಗಜೇಂದ್ರಗಡದ ನೇಕಾರನ ಬಾಯಲ್ಲಿ ಧಾರವಾಡದ ವಕೀಲರ ಮನೆಯ ಮಾತನ್ನು ಇಡುತ್ತಾರೆ, ವಿಮರ್ಶಕರು ಅದನ್ನು ‘ಸಹಜ’ವೆಂದು ಹೊಗಳುತ್ತಾರೆ, ಆ ಪುಸ್ತಕವನ್ನು ಶಾಲೆಯಲ್ಲಿ ಓದಿದ ನೇಕಾರನ ಮಗನು ತನ್ನ ತಾಯಿಯ ಮಾತೇ ತಪ್ಪೆಂದು ಬಗೆಯುತ್ತಾನೆ. ಆಡುಮಾತನ್ನು ಸಂಗ್ರಹಿಸುತ್ತಿರುವ ತರುಣರು ಪ್ರತಿಯೊಂದು ಮಾತಿನ ಮುಂದೆಯೂ ಆಡಿದವರ ಊರು, ಕಸಬು, ವಯಸ್ಸುಗಳನ್ನು ಬರೆದಿಡಲಿ. ಗುಡ್ಡದಾಚೆಯ ಯಲಬುರ್ಗಾ ಸೀಮೆಗೂ ಒಮ್ಮೆ ಹೋಗಿ ಕೇಳಿ ಬರಲಿ.